ಚಿಕ್ಕಮ್ಮ ಕಣ್ಣು ಬರೆಯುವಾಗ ಸೀನಬಾರದು

ನಮ್ಮ ಚಿಕ್ಕಮ್ಮನ ಮನೆಯಲ್ಲಿ ಸೀನಿದ ಮೇಲೆ ನೆಮ್ಮದಿಯಾಗಿ ಬದುಕಿದವರು ಯಾರೂ ಇಲ್ಲ. ಉತ್ಪ್ರೇಕ್ಷೆ ಅನ್ನಿಸಿತೇ? ಹಾಗಾದರೆ ಒಮ್ಮೆ ಭದ್ರಾವತಿಯ ಹಳೇನಗರಕ್ಕೆ ಹೋಗಿ, ಬೆಳಗಿನ ತಿಂಡಿ ಮುಗಿದ ಹೊತ್ತಿಗೆ ಅವರ ಕಿಟಕಿ ಪಕ್ಕದ ಮೇಜಿನ ಹತ್ತಿರ ನಿಂತು ಒಂದೇ ಒಂದು ಸಲ ಸೀನಿ ನೋಡಿ. ಹೋಗುವ ಮುಂಚೆ ಮನೆಯಲ್ಲಿ ಹೇಳಿ ಹೋಗುವುದು ಒಳ್ಳೆಯದು!

ನಮ್ಮನೆಯವರು ಮದುವೆಯಾದ ಹೊಸತರಲ್ಲಿ ಅಲ್ಲಿ ಸೀನಿದರು. ಪಾಪ, ಒಗ್ಗರಣೆಯ ಘಾಟು. ಅದೇ ಗಳಿಗೆಯಲ್ಲಿ ಚಿಕ್ಕಮ್ಮ ನಮ್ಮ ಅಜ್ಜಿಯ ತುಟಿಗೆ ಬಣ್ಣ ಹಚ್ಚುತ್ತಿದ್ದರು. ಅಜ್ಜಿಗಲ್ಲ, ಅಜ್ಜಿಯ ಚಿತ್ರಕ್ಕೆ. ಆ ಚಿತ್ರ ಇದ್ದದ್ದು ಕುಂಕುಮದ ಭರಣಿಯ ಮರದ ಮುಚ್ಚಳದ ಮೇಲೆ, ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ. ಸೀನಿದ ಸದ್ದಿಗೆ ಕುಂಚ ಕೂದಲೆಳೆಯಷ್ಟು ಜಾರಿತು. ಅಜ್ಜಿಗೆ ಮೀಸೆ ಬಂತು. ಚಿಕ್ಕಮ್ಮ ಅದನ್ನು ಅಳಿಸಲಿಲ್ಲ. ಕುಂಚ ಕೆಳಗಿಟ್ಟು, "ಇರಲಿ ಬಿಡಿ. ಈ ಮೀಸೆ ಯಾವ ಅಳಿಯಂದಿರ ಕಾಣಿಕೆ ಅಂತ ಮುಂದಿನವರಿಗೂ ಗೊತ್ತಾಗಲಿ" ಅಂದರು. ಆ ಭರಣಿ ಈಗಲೂ ನಮ್ಮ ತವರಿನ ದೇವರಮನೆಯಲ್ಲಿದೆ. ನಮ್ಮನೆಯವರು ಆ ಕಡೆ ನಮಸ್ಕಾರ ಮಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಜನ ಭಕ್ತಿ ಅಂದುಕೊಂಡಿದ್ದಾರೆ.

ಚಿಕ್ಕಮ್ಮ ಎಂದರೆ ನನ್ನ ಅಮ್ಮನ ತಂಗಿ. ಮದುವೆಯಾಗಲಿಲ್ಲ. ಭದ್ರಾವತಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಟೀಚರಾಗಿದ್ದು ರಿಟೈರಾದವರು. ನಮ್ಮನೆಯವರು ಒಂದು ಕಾಲಕ್ಕೆ ಅವರ ವಿದ್ಯಾರ್ಥಿ. ಇಷ್ಟು ವರ್ಷವಾದರೂ ಅವರೆದುರು ಕುರ್ಚಿಯಲ್ಲಿ ಕೂರುವ ಧೈರ್ಯ ಇವರಿಗೆ ಬಂದಿಲ್ಲ, "ಮೇಡಂ" ಅನ್ನುವುದೂ ತಪ್ಪಿಲ್ಲ. ಹೆಂಡತಿಯ ಚಿಕ್ಕಮ್ಮನನ್ನು ಮೇಡಂ ಅನ್ನುವ ಗಂಡಸನ್ನು ನೀವೆಲ್ಲಾದರೂ ನೋಡಿದ್ದೀರಾ?

ಚಿಕ್ಕಮ್ಮನಿಗೆ ಇರುವುದು ಒಂದೇ ಕಣ್ಣು. ಚಿಕ್ಕಂದಿನಲ್ಲಿ ದೀಪಾವಳಿಯ ಪಟಾಕಿ ಕಿಡಿ ಹಾರಿ ಎಡಗಣ್ಣು ಹೋಯಿತು. ಬೆಳಕು ಯಾವುದು, ಕತ್ತಲೆ ಯಾವುದು ಅಂತ ಮಾತ್ರ ಅದಕ್ಕೆ ತಿಳಿಯುತ್ತದೆ. ಯಾರಾದರೂ ಅಯ್ಯೋ ಅಂದರೆ ಅವರಿಗೆ ಸಿಟ್ಟು ಬರುತ್ತದೆ. "ಬಂದೂಕು ಹಿಡಿದೋನು ಗುರಿ ಇಡುವಾಗ ಒಂದು ಕಣ್ಣು ಮುಚ್ಚಲ್ವಾ? ನನಗೆ ಆ ಶ್ರಮ ಉಳೀತು" ಅನ್ನುತ್ತಾರೆ. ಉಗುರಗಲದಲ್ಲಿ ಮನುಷ್ಯರ ಮುಖವನ್ನು ಇಳಿಸಿದ್ದೆಲ್ಲ ಆ ಒಂದು ಬಲಗಣ್ಣಿನಿಂದ. ಈಚೆಗೆ ಅದಕ್ಕೂ ಪೊರೆ ಬಂತು. ಆಪರೇಷನ್ ಆಗಲೇಬೇಕು, ಹೆಚ್ಚು ಕಡಿಮೆಯಾದರೆ ಇನ್ನೊಂದು ಕಣ್ಣಿಲ್ಲ. ಕರೆದುಕೊಂಡು ಹೋಗುವ ಕೆಲಸ ಬಿದ್ದದ್ದು ಯಾರ ತಲೆಗೆ? ಇಡೀ ಕುಟುಂಬದಲ್ಲೇ ಎಲ್ಲರಿಗಿಂತ ಪುಕ್ಕಲಿಯಾದ ನನ್ನ ತಲೆಗೆ!

ನನ್ನ ಧೈರ್ಯದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ತ್ಯಾವರೆಕೊಪ್ಪದ ಸಫಾರಿಗೆ ಹೋದಾಗ ಹುಲಿ ದೂರದಲ್ಲಿ ಆಕಳಿಸಿದ್ದಕ್ಕೇ ಸೀಟಿನ ಕೆಳಗೆ ಕೂತವಳು ನಾನು. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಎತ್ತುವ ಮೊದಲೇ ಅಳು ಬರುತ್ತದೆ. ಇಂಥವಳಿಗೆ ದೇವರು ಇಂಥ ಚಿಕ್ಕಮ್ಮನನ್ನು ಯಾಕೆ ಕೊಟ್ಟನೋ!

ಅವರು ಚಿತ್ರ ಬರೆಯುವ ಕ್ರಮ ಕೇಳಿದರೆ ನಿಮಗೂ ಸ್ವಲ್ಪ ಚಳಿ ಬಂದೀತು. ಹಾಲೆ ಮರದ ಮುಚ್ಚಳವನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ಮಗುವಿನ ಕೆನ್ನೆಯಷ್ಟು ನುಣುಪು ಮಾಡಬೇಕು. ಸೀಮೆಸುಣ್ಣದ ಪುಡಿಯನ್ನು ಗೋಂದಿನಲ್ಲಿ ಕಲಸಿ ತೆಳ್ಳಗೆ ಬಳಿದು, ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಇಲ್ಲದಿದ್ದರೆ ಮರ ಬಣ್ಣವನ್ನೆಲ್ಲ ಕುಡಿದುಬಿಡುತ್ತದೆ. ಕೈ ತಾಗದಿರಲಿ ಅಂತ ಅದನ್ನು ಉದ್ದ ಮೊಳೆಯೊಂದರ ತಲೆಗೆ ಮೇಣದಿಂದ ಅಂಟಿಸಿ, ಹಲಗೆಯ ಮೇಲೆ ನಿಲ್ಲಿಸುತ್ತಾರೆ. ಮುಖಕ್ಕೆ ಮೊದಲು ಬಳಿಯುವುದು ಚರ್ಮದ ಬಣ್ಣವಲ್ಲ, ಹಸಿರು! "ಯಾಕೆ ಚಿಕ್ಕಮ್ಮ?" ಅಂದರೆ, "ನಿನ್ನ ಮಣಿಕಟ್ಟು ನೋಡ್ಕೋ. ಒಳಗಡೆ ನರ ಹಸಿರು ಕಾಣಲ್ವಾ? ಕೆಳಗೆ ಹಸಿರಿಲ್ಲದೆ ಮೇಲೆ ಬಣ್ಣ ಹಾಕಿದ್ರೆ ಮುಖ ಆಗಲ್ಲ, ಗೊಂಬೆ ಆಗುತ್ತೆ" ಅನ್ನುತ್ತಾರೆ. ಹಸಿರಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಮೈಬಣ್ಣ. ಗೆರೆ ಎಳೆಯುವಂತಿಲ್ಲ. ಉಸಿರು ಪೂರ್ತಿ ಬಿಟ್ಟು, ಇನ್ನೊಂದು ಉಸಿರು ಎಳೆಯುವುದರೊಳಗೆ ಒಂದು ಚುಕ್ಕೆ. ತಲೆಕೂದಲು ಆಮೇಲೆ. ಕಣ್ಣು ಎಲ್ಲಕ್ಕಿಂತ ಕೊನೆಗೆ.

ಅಂದರೆ ಅವರ ಕಿಟಕಿಯಲ್ಲಿ ಸದಾ ಕಾಣುವ ದೃಶ್ಯ ಯಾವುದು? ಮೊಳೆಯ ಮೇಲೆ ಚುಚ್ಚಿದಂತಿರುವ, ಹಸಿರು ಬಣ್ಣದ, ಬೋಳು ತಲೆಯ, ಕಣ್ಣಿಲ್ಲದ ಪುಟ್ಟ ಪುಟ್ಟ ಮುಖಗಳು! ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದ ತಮಿಳು ಹೆಂಗಸು ಒಂದು ಬೆಳಿಗ್ಗೆ ರಂಗೋಲಿ ಹಾಕಿ ತಲೆಯೆತ್ತಿ ಇದನ್ನು ನೋಡಿದ್ದಾಳೆ. ಮಾರನೇ ದಿನ ಚಿಕ್ಕಮ್ಮನ ಗೇಟಿನ ಮುಂದೆ ನಿಂಬೆಹಣ್ಣು, ಕೆಂಪು ಮೆಣಸಿನಕಾಯಿ, ಅರಿಶಿನ ಬಿದ್ದಿತ್ತು. ನಾನು ಅವತ್ತು ಅಲ್ಲಿಗೆ ಹೋಗಿದ್ದೆ. ಅದನ್ನು ದಾಟಲಾರದೆ ಹೊರಗೇ ನಿಂತು ಕೂಗಿದೆ. "ಚಿಕ್ಕಮ್ಮ, ಯಾರೋ ಮಾಟ ಮಾಡಿದಾರೆ!"

ಚಿಕ್ಕಮ್ಮ ಬಂದು ನಿಂಬೆಹಣ್ಣನ್ನು ಎತ್ತಿ ಅದುಮಿ ನೋಡಿದರು. "ರಸ ಇದೆ" ಅಂತ ಒಳಗೆ ತೆಗೆದುಕೊಂಡು ಹೋದರು. ಮಧ್ಯಾಹ್ನ ಚಿತ್ರಾನ್ನವಾಯಿತು. ಅದರಲ್ಲಿ ಒಂದು ತಟ್ಟೆ ಎದುರುಮನೆಗೂ ಹೋಯಿತು. "ನಿಮ್ಮ ನಿಂಬೆಹಣ್ಣು ಚೆನ್ನಾಗಿತ್ತಮ್ಮ, ಎಲ್ಲಿ ತಗೊಂಡ್ರಿ?" ಅಂತ ಚಿಕ್ಕಮ್ಮ ಕೇಳಿದಾಗ ಆ ಹೆಂಗಸಿನ ಮುಖ ಕೂಡ ಹಸಿರಾಗಿತ್ತು ಅಂತ ನನ್ನ ನೆನಪು.

ಮಾಟದ ಮಾತು ಬಂತಲ್ಲ, ಕುಂಚದ ಕಥೆ ಹೇಳಲೇಬೇಕು. ಅಂಗಡಿಯ ಕುಂಚದಲ್ಲಿ ರೆಪ್ಪೆಗೂದಲು ಬರೆಯಲಾಗುವುದಿಲ್ಲವಂತೆ. ಕತ್ತರಿ ಕಾಣದ ಕೂದಲೇ ಬೇಕಂತೆ, ಅದರ ತುದಿ ಸೂಜಿಯ ಹಾಗೆ ಸಣ್ಣಗಾಗುತ್ತಾ ಹೋಗಿರುತ್ತದೆ. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು ಎಲ್ಲಿ ಸಿಗುತ್ತದೆ? ಮಕ್ಕಳ ಚೌಲದಲ್ಲಿ! ಹಾಗಾಗಿ ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಚೌಲವಾದರೂ ಪುರೋಹಿತರಿಗಿಂತ ಮೊದಲು ಚಿಕ್ಕಮ್ಮ ಹಾಜರು. ನನ್ನ ಮಗನ ಚೌಲದಲ್ಲಿ ಕ್ಷೌರದವನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತು, "ಬುಡದಿಂದ ತೆಗಿಯಪ್ಪ, ತುದಿ ಮುಟ್ಟಬೇಡ" ಅಂತ ಅಪ್ಪಣೆ ಕೊಡುತ್ತಿದ್ದರು. ಕೂದಲನ್ನು ಸಗಣಿಯಲ್ಲಿಟ್ಟು ಹೊಳೆಗೆ ಬಿಡಬೇಕು ಅಂತ ಪುರೋಹಿತರು ಹೇಳಿದರೆ, "ಮೀನು ಚಿತ್ರ ಬರೆಯುತ್ತಾ?" ಅಂದುಬಿಟ್ಟರು.

ನಮ್ಮ ಅತ್ತೆಗೆ ಜೀವ ಹೋದಂತಾಯಿತು. ಮಗುವಿನ ಕೂದಲು ಬೇರೆಯವರ ಕೈಗೆ ಹೋಗಬಾರದು ಅನ್ನುವುದು ಅವರು ಹುಟ್ಟಿದಾರಭ್ಯ ಕೇಳಿಕೊಂಡು ಬಂದ ಮಾತು. ಅವತ್ತಿಂದ ಮಗು ಬಿಕ್ಕಳಿಸಿದರೆ ಕೂದಲು, ಹಟ ಮಾಡಿದರೆ ಕೂದಲು, ಊಟ ಬಿಟ್ಟರೂ ಕೂದಲು. ಅವರನ್ನು ಸಮಾಧಾನ ಮಾಡುತ್ತಾ ಮಾಡುತ್ತಾ ಆ ಹೆದರಿಕೆ ನನಗೂ ಅಂಟಿ, ಮಗು ಉಸಿರಾಡುತ್ತಿದೆಯೇ ಅಂತ ಮೂಗಿನ ಹತ್ತಿರ ಬೆರಳಿಟ್ಟು ನೋಡುವುದು ರೂಢಿಯಾಯಿತು. ಮಗು ಮಾತ್ರ ಗುಂಡುಕಲ್ಲಿನಂತಿತ್ತು. ಕೆಲವು ತಿಂಗಳ ಮೇಲೆ ಚಿಕ್ಕಮ್ಮ ಅದೇ ಕೂದಲಿನ ಕುಂಚದಲ್ಲಿ ಅತ್ತೆಯ ಮುಖವನ್ನೇ ಒಂದು ಭರಣಿಯ ಮೇಲೆ ಬರೆದು ತಂದು, ಕಣ್ಣನ್ನು ಅವರೆದುರೇ ಕೂತು ಮುಗಿಸಿಕೊಟ್ಟರು. ಅತ್ತೆ ಭೂತಗನ್ನಡಿ ಹಿಡಿದು ನೋಡಿದರು. ಮೂಗುತಿಯ ಹರಳು ಮಿನುಗುತ್ತಿತ್ತು. ಅಷ್ಟೇ, ಮುಂದಿನ ಚೌಲದಲ್ಲಿ ಕ್ಷೌರದವನ ಪಕ್ಕ ಪ್ಲಾಸ್ಟಿಕ್ ಕವರು ಹಿಡಿದು ನಿಂತಿದ್ದವರು ನಮ್ಮ ಅತ್ತೆಯೇ!

ಇದೆಲ್ಲ ಸಣ್ಣ ಹೆದರಿಕೆ. ದೊಡ್ಡದು ಕಣ್ಣು ಬರೆಸಿಕೊಳ್ಳುವುದು. ಮುಖವನ್ನು ಫೋಟೋ ನೋಡಿ ಬರೆಯುತ್ತಾರೆ, ಕಣ್ಣನ್ನು ಮಾತ್ರ ಬದುಕಿರುವ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡೇ ಬರೆಯಬೇಕು. ಗೇಣು ದೂರದಲ್ಲಿ ಅವರ ಒಂಟಿ ಕಣ್ಣು. ನೀವು ರೆಪ್ಪೆ ಬಡಿಯಬಾರದು, ನಗಬಾರದು, ಉಗುಳು ನುಂಗಬಾರದು. ಪಕ್ಕದ ಮನೆಯಲ್ಲಿ ಮಿಕ್ಸಿ ಹಾಕಿದರೆ ಕೆಲಸ ನಿಲ್ಲುತ್ತದೆ, ರಸ್ತೆಯಲ್ಲಿ ಲಾರಿ ಹೋದರೆ ನಿಲ್ಲುತ್ತದೆ. ನಿಮ್ಮ ಉಸಿರು ಮಾತ್ರ ಮೊದಲೇ ನಿಂತಿರುತ್ತದೆ. ನನ್ನ ಅಣ್ಣನನ್ನು ಹೀಗೆ ಕೂರಿಸಿದಾಗ, ಅವನು ಇದ್ದಕ್ಕಿದ್ದಂತೆ, "ಚಿಕ್ಕಮ್ಮ, ನಾನು ಪಿಯುಸಿ ಫೇಲು" ಅಂದುಬಿಟ್ಟ. ಅವರು ಏನೂ ಕೇಳಿಯೇ ಇರಲಿಲ್ಲ! ಮನೆಯಲ್ಲಿ ಪಾಸು ಅಂತ ಹೇಳಿ ಪೇಡ ಹಂಚಿ ಆಗಿತ್ತು. ಚಿಕ್ಕಮ್ಮ ಕುಂಚ ಎತ್ತದೆ, "ಗೊತ್ತಾಯ್ತು. ಅಲ್ಲಾಡಬೇಡ" ಅಂದರಂತೆ.

ನನ್ನ ಕಣ್ಣು ಬರೆದದ್ದು ನನ್ನ ಮದುವೆಗೆ ಮುಂಚೆ. "ಏನೇ ಇದು ಮಾರಾಯ್ತಿ, ಈ ಕಣ್ಣಲ್ಲಿ ಹೆದರಿಕೆ ಬಿಟ್ಟು ಬೇರೆ ಏನೂ ಇಲ್ವಲ್ಲೇ! ಬಣ್ಣ ಹಾಕೋಕೂ ಜಾಗ ಇಲ್ಲ" ಅಂತ ಗೊಣಗುತ್ತಲೇ ಬರೆದರು.

ನಮ್ಮನೆಯವರು ಮಾತ್ರ ಮೀಸೆಯ ಪ್ರಕರಣವಾದಾಗಿನಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದರು. ಅವರ ಮುಖ ಒಂದು ಕೋಟಿನ ಮರದ ಗುಂಡಿಯ ಮೇಲೆ ತಯಾರಾಗಿ, ಕಣ್ಣಿಲ್ಲದೆ ವರ್ಷಗಟ್ಟಲೆ ಮೊಳೆಯ ಮೇಲೆ ಕಾಯುತ್ತಿತ್ತು. ಕೊನೆಗೆ ಈ ಬೇಸಿಗೆಯಲ್ಲಿ ಸಿಕ್ಕಿಬಿದ್ದರು. ಚಿಕ್ಕಮ್ಮ ಕೂರಿಸಿದರು. ಮೂಗಿಗೆ ಕರ್ಚೀಫು ಒತ್ತಿಕೊಂಡು ಬಂದಿದ್ದವರು ಅದನ್ನೂ ಜೇಬಿಗಿಟ್ಟು ಕಲ್ಲಾಗಿ ಕೂತರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಚಿಕ್ಕಮ್ಮ ಹೆಬ್ಬೆರಳಿನ ಉಗುರಿನಿಂದ ಗುಂಡಿಯ ಮೇಲೆ ಏನೋ ಅಳತೆ ಮಾಡಿದರು, ಉಸಿರು ಬಿಟ್ಟರು, ಚುಕ್ಕೆ ಇಟ್ಟರು. ಮತ್ತೆ ಇಟ್ಟರು. ಮುಗಿದ ಮೇಲೆ ಗುಂಡಿಯನ್ನು ಮುಂದಕ್ಕೆ ಚಾಚಿ, "ಹೇಗಿದೆ?" ಅಂದರು.

ಒಂದು ಕಣ್ಣು ಕಣ್ಣಿನ ಜಾಗದಲ್ಲಿತ್ತು. ಇನ್ನೊಂದು ಕೆನ್ನೆಯ ಮೇಲಿತ್ತು.

"ತುಂಬಾ ಚೆನ್ನಾಗಿದೆ ಮೇಡಂ" ಅಂದರು ನಮ್ಮನೆಯವರು. ಅವರ ದನಿ ನಡುಗಿತು. ಹೈಸ್ಕೂಲಿನಲ್ಲಿ ಸುಳ್ಳು ಹೇಳುವಾಗಲೂ ಹೀಗೇ ನಡುಗುತ್ತಿತ್ತೋ ಏನೋ, ಚಿಕ್ಕಮ್ಮನಿಗೆ ಕೂಡಲೇ ತಿಳಿದುಹೋಯಿತು. ಬೈಯುತ್ತಾರೆ ಅಂತ ನಾವಿಬ್ಬರೂ ಕಾದೆವು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಬಟ್ಟೆಯ ಚೂರಿನಿಂದ ಆ ಎರಡೂ ಕಣ್ಣುಗಳನ್ನು ಒರೆಸಿ ತೆಗೆದು, ಕುಂಚ ತೊಳೆದಿಟ್ಟರು. "ಎಷ್ಟೋ ವರ್ಷದಿಂದಲೇ ಮಬ್ಬು, ಹೋದ ಮಳೆಗಾಲದಿಂದಂತೂ ಎಲ್ಲಾ ಮಂಜುಮಂಜು. ಅಂದಾಜಿನ ಮೇಲೆ ಬರೀತಿದೀನಿ" ಅಂದರು. ಹುಲಿಗೆ ಹೆದರುವುದು ಬೇರೆ, ಇದು ಬೇರೆ.

ಶಿವಮೊಗ್ಗದ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಪೊರೆ ಬಲಿತಿದೆ, ಆಪರೇಷನ್ ಮಾಡೋಣ ಅಂದರು. ಒಂದೇ ಕಣ್ಣಾದ್ದರಿಂದ ಹೆಚ್ಚು ಜೋಪಾನ ಬೇಕು, ಆದರೆ ಇದಕ್ಕಿಂತ ತಡ ಮಾಡುವುದು ಒಳ್ಳೆಯದಲ್ಲ ಅಂತಲೂ ಸೇರಿಸಿದರು. ಡಾಕ್ಟರು ಇನ್ನೂ ಹುಡುಗ ವಯಸ್ಸಿನವರು. ಚಿಕ್ಕಮ್ಮ, "ಎಲ್ಲಿ, ನಿಮ್ಮ ಕೈ ಚಾಚಿ" ಅಂದರು. ಡಾಕ್ಟರು ಗಲಿಬಿಲಿಯಿಂದ ಚಾಚಿದರು. ಚಿಕ್ಕಮ್ಮ ಕೈಚೀಲದಿಂದ ಒಂದು ಮರದ ಗುಂಡಿ ತೆಗೆದು, ಅವರ ಬೆರಳಿನ ಮೇಲೆ ಅಂಚು ಕೆಳಗೆ ಮಾಡಿ ನಿಲ್ಲಿಸಿದರು. ನಾನು ನಾಚಿಕೆಯಿಂದ ನೆಲ ನೋಡಿದೆ. ಗುಂಡಿ ಬೀಳಲಿಲ್ಲ.

"ಕಾಫಿ ಎಷ್ಟು ಸಲ?"

"ಎರಡು ಸಲ ಅಮ್ಮ."

"ಅವತ್ತು ಬೇಡ. ಉಸಿರು ಬಿಟ್ಟ ಮೇಲೆ ಕೈ ಇಡ್ತೀರೋ, ಹಿಡ್ಕೊಂಡು ಇಡ್ತೀರೋ?"

ಡಾಕ್ಟರು ಯೋಚನೆಗೆ ಬಿದ್ದರು. "ನಾನು ಯಾವತ್ತೂ ಗಮನಿಸಿಲ್ಲ... ಬಿಟ್ಟ ಮೇಲೆ ಅನ್ಸುತ್ತೆ."

"ಹಾಗಾದ್ರೆ ಸರಿ" ಅಂದರು ಚಿಕ್ಕಮ್ಮ, ಡ್ರಾಯಿಂಗ್ ಪರೀಕ್ಷೆಯಲ್ಲಿ ಪಾಸು ಮಾಡಿದವರಂತೆ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ನಿಮಗೂ ಒಂದು ಕಂಡೀಷನ್ ಇದೆ ಅಮ್ಮ. ಆಪರೇಷನ್ ಆಗುವಾಗ ನೀವು ಕೆಮ್ಮಬಾರದು, ಸೀನಬಾರದು." ಚಿಕ್ಕಮ್ಮ ನನ್ನ ಕಡೆ ತಿರುಗಿ, "ಕೇಳಿಸ್ಕೊಂಡ್ಯಾ? ನಿನ್ನ ಗಂಡನಿಗೆ ಹೇಳು" ಅಂದರು.

ಇಷ್ಟೆಲ್ಲ ಜೋರು ಮಾಡಿದವರು ಆಪರೇಷನ್ನಿನ ಹಿಂದಿನ ದಿನ ಶಿವಮೊಗ್ಗದ ನವುಲೆಯ ನಮ್ಮ ಮನೆಗೆ ಬಂದು ಉಳಿದಾಗ ಒಂದು ತುತ್ತಿಗಿಂತ ಹೆಚ್ಚು ಉಣ್ಣಲಿಲ್ಲ. ಮನೆಯ ಗೋಡೆ, ಕ್ಯಾಲೆಂಡರು, ನನ್ನ ಮಗನ ಮುಖ, ಹಿತ್ತಲ ದಾಸವಾಳ ಎಲ್ಲವನ್ನೂ ತೀರ ಹತ್ತಿರ ಹೋಗಿ ನೋಡುತ್ತಿದ್ದರು. ಯಾಕೆ ನೋಡುತ್ತಿದ್ದಾರೆ ಅಂತ ಗೊತ್ತಿದ್ದೂ ನಾನು ಕೇಳಲಿಲ್ಲ. ಕೇಳಿದರೆ ಇಬ್ಬರೂ ಆಸ್ಪತ್ರೆಗೆ ಹೋಗುವುದಿಲ್ಲ ಅಂತ ಹಟ ಹಿಡಿಯುತ್ತಿದ್ದೆವು.

ಬೆಳಿಗ್ಗೆ ನಮ್ಮನೆಯವರು ಕಾರನ್ನು ಎಷ್ಟು ನಿಧಾನವಾಗಿ ಓಡಿಸಿದರೆಂದರೆ ಸಿಟಿ ಬಸ್ಸುಗಳೆಲ್ಲ ಹಾರ್ನ್ ಮಾಡಿ ಬೈದುಕೊಂಡು ಮುಂದೆ ಹೋದವು. "ಮೆರವಣಿಗೆ ಹೊರಟಿದೀವೇನಯ್ಯಾ?" ಅಂತ ಚಿಕ್ಕಮ್ಮ ಗದರಿದರು. ಆಪರೇಷನ್ ಕೋಣೆಯ ಬಾಗಿಲವರೆಗೂ ನರ್ಸಿನ ಜೊತೆ ಜಗಳವಾಡುತ್ತಲೇ ಬಂದರು: ಹಸಿರು ಗೌನು ತಮಗೆ ಒಪ್ಪುವುದಿಲ್ಲವಂತೆ, ದೀಪ ತಪ್ಪು ಕಡೆ ಇದೆಯಂತೆ. ಬಾಗಿಲು ತೆರೆದಾಗ ನನ್ನ ಕೈ ಹಿಡಿದುಕೊಂಡರು. ಕುಂಚ ಹಿಡಿಯುವ ಹಾಗೆ ಮೆಲ್ಲಗಲ್ಲ, ಬಿಗಿಯಾಗಿ.

"ಹೆದರಿಕೆ ಆಗ್ತಿದೆ ಕಣೇ" ಅಂದರು. ಆ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಏನಾದರೂ ಧೈರ್ಯ ಹೇಳಬೇಕಿತ್ತು. ನಾನು, "ನನಗೂ ಚಿಕ್ಕಮ್ಮ" ಅಂದೆ. ಎಂಥ ಧೈರ್ಯಶಾಲಿ ನೋಡಿ!

ಬಾಗಿಲು ಮುಚ್ಚಿತು. ಆ ಬೆಂಚಿನ ಮೇಲೆ ಕೂತು ನಾನು ನೆನೆಯದ ದೇವರಿಲ್ಲ. ಹೇಳಿಕೊಂಡ ಹರಕೆಗಳನ್ನೆಲ್ಲ ತೀರಿಸಬೇಕಾದರೆ ಬಹುಶಃ ಕೆಲಸಕ್ಕೆ ರಾಜೀನಾಮೆ ಕೊಡಬೇಕು. ಒಳಗೆ ಏನಾದರೂ ಸದ್ದಾದರೆ ಸತ್ತೆ, ಸದ್ದಾಗದಿದ್ದರೂ ಸತ್ತೆ. ಆ ಕಣ್ಣು ಹೋದರೆ ಚಿಕ್ಕಮ್ಮನಿಗೆ ಉಳಿಯುವುದೇನು? ಅಡುಗೆ ಮಾಡಿಕೊಂಡಾರು, ತಡಕಾಡಿ ಓಡಾಡಿಯಾರು. ಆದರೆ ಮನುಷ್ಯರ ಮುಖ ನೋಡುವುದೇ ಬದುಕಾಗಿದ್ದವರು ಏನನ್ನು ನೋಡಿಕೊಂಡು ಕೂರಬೇಕು? ನಮ್ಮನೆಯವರು ಪಕ್ಕದಲ್ಲಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡಿದ್ದರು. ಗೋಡೆಯ ಆಚೆ ಸೀನು ಕೇಳಿಸಿಬಿಟ್ಟರೆ ಅಂತ ಅವರ ಭಯ.

ಆಪರೇಷನ್ ಸಲೀಸಾಗಿ ಆಯಿತು ಅಂತ ಡಾಕ್ಟರು ಬಂದು ಹೇಳಿದರು. ಕಾಣುವುದರ ಬಗ್ಗೆ ನಾಳೆ ಪಟ್ಟಿ ಬಿಚ್ಚಿದ ಮೇಲೆ ಹೇಳೋಣ ಅಂದರು. ಅಲ್ಲಿಗೆ ನನ್ನ ಹೆದರಿಕೆ ಇನ್ನೊಂದು ದಿನಕ್ಕೆ ಮುಂದೆ ಹೋಯಿತು ಅಷ್ಟೆ. ಕಣ್ಣು ಕಟ್ಟಿಕೊಂಡ ಚಿಕ್ಕಮ್ಮ ಆ ದಿನವೆಲ್ಲ ನನ್ನ ಸೆರಗಿನ ತುದಿ ಹಿಡಿದುಕೊಂಡೇ ಕೂತಿದ್ದರು.

ಮಾರನೇ ಬೆಳಿಗ್ಗೆ ಡಾಕ್ಟರು ಪಟ್ಟಿ ಬಿಚ್ಚಿ, ಔಷಧಿಯ ಹತ್ತಿಯಿಂದ ಒರೆಸಿ, ಮೆಲ್ಲಗೆ ತೆರೆಯಲು ಹೇಳಿದರು. ಚಿಕ್ಕಮ್ಮ ತೆರೆದರು. ಬೆಳಕಿಗೆ ಹುಬ್ಬು ಗಂಟಿಕ್ಕಿದರು. ಡಾಕ್ಟರು ಬೆರಳು ಹಿಡಿದು, "ಎಷ್ಟಮ್ಮ?" ಅಂದರು.

"ಬೆರಳು ಹಾಗಿರಲಿ" ಅಂದರು ಚಿಕ್ಕಮ್ಮ. "ನಿಮ್ಮ ಶರ್ಟಿನ ಎರಡನೇ ಗುಂಡಿ ಬೇರೆ ದಾರದಲ್ಲಿ ಹೊಲಿದಿದಾರೆ."

ಡಾಕ್ಟರು ಬಗ್ಗಿ ತಮ್ಮ ಶರ್ಟು ನೋಡಿಕೊಂಡು ಜೋರಾಗಿ ನಕ್ಕರು. ನಮ್ಮನೆಯವರು ಕರ್ಚೀಫು ತೆಗೆದರು.

ಚಿಕ್ಕಮ್ಮ ನನ್ನ ಕಡೆ ತಿರುಗಿದರು. ನಗಲಿಲ್ಲ. ನೋಡಿದರು, ನೋಡುತ್ತಲೇ ಇದ್ದರು. "ಇಲ್ಲಿ ಬಾ" ಅಂದರು. ಹೋದೆ. ನನ್ನ ಗದ್ದ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು.

"ಏನಾಯ್ತು ಚಿಕ್ಕಮ್ಮ? ಸರಿಯಾಗಿ ಕಾಣ್ತಿಲ್ವಾ?"

"ಕಾಣ್ತಿದೆ." ಅವರ ಬೆರಳು ನನ್ನ ಕಿವಿಯ ಪಕ್ಕದ ಕೂದಲನ್ನು ಮುಟ್ಟಿತು. "ಇದು ಯಾವಾಗ ಬೆಳ್ಳಗಾಯ್ತೇ?"

"ಅದೆಲ್ಲ ಆಗಿ ಎಷ್ಟೋ ಕಾಲ ಆಯ್ತು."

"ಕಣ್ಣಿನ ಕೆಳಗೆ ಇಷ್ಟು ಕಪ್ಪು?"

"ನಿದ್ದೆ ಬರಲ್ಲ ಚಿಕ್ಕಮ್ಮ" ಅಂದೆ. ಆ ಮಾತು ಹೇಗೆ ಹೊರಗೆ ಬಂತೋ ತಿಳಿಯದು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ.

"ನನ್ನ ಮನಸ್ಸಲ್ಲಿ ನೀನಿನ್ನೂ ಹುಡುಗಿ ಹಾಗೇ ಇದ್ದೆ ಮಾರಾಯ್ತಿ. ನಾನು ನೋಡದೇ ಇದ್ದಾಗ ಇಷ್ಟು ದಣಿದುಬಿಟ್ಟಿದೀಯಲ್ಲೇ" ಅಂದರು. ಆ ಕಣ್ಣು, ಹಿಂದಿನ ದಿನವಷ್ಟೇ ಆಪರೇಷನ್ ಆಗಿದ್ದ ಆ ಒಂದೇ ಕಣ್ಣು, ತುಂಬಿಕೊಳ್ಳತೊಡಗಿತು.

ನಾನು ಗಾಬರಿಯಾಗಿ, "ಅಳಬೇಡಿ ಚಿಕ್ಕಮ್ಮ, ನಿಮ್ಮ ದಮ್ಮಯ್ಯ, ಕಣ್ಣಿಗೆ ಆಯಾಸ ಆಗ್ಬಾರ್ದು" ಅಂದೆ.

"ನಾನು ಅಳಲ್ಲ" ಅಂದರು ಚಿಕ್ಕಮ್ಮ, ನನ್ನ ಗದ್ದ ಬಿಡದೆ. "ನೀನು ಅಳು. ನಿನಗೇನೂ ಆಪರೇಷನ್ ಆಗಿಲ್ವಲ್ಲ. ನಾನು ನೋಡ್ತಾ ಇರ್ತೀನಿ."